ಹೊಲದ ಬಾಳೆ, ಹಿತ್ತಲ ಬಾಳೆ

ನಮ್ ಹಂಗಳದಲ್ಲಿ "ಬಾಳೆ ಹಾಕಿದೀವಿ" ಅಂದ್ರೆ ಮಾತು ಪೂರ್ತಿ ಆಗಲ್ಲ. "ಯಾವ ಬಾಳೆ?" ಅಂತ ಮರುಗಳಿಗೆಗೇ ಕೇಳ್ತರೆ. ಪುಟ್ಟಬಾಳೆ, ಪಚ್ಚಬಾಳೆ, ನೇಂದ್ರ, ಈ ಮೂರರಲ್ಲಿ ಯಾವುದು ಅನ್ನದ್ರ ಮೇಲೆ ಆ ಮನೆಯವರ ಮುಂದಿನ ಒಂದು ವರ್ಷದ ಲೆಕ್ಕ ನಿಂತಿರ್ತದೆ. ಯಾವ ಕಡೆಯ ವ್ಯಾಪಾರಿ ಬತ್ತನೆ, ಊರುಗೋಲು ಎಷ್ಟು ತರಿಸಬೇಕು, ಸಾಲ ಯಾವ ತಿಂಗಳಲ್ಲಿ ತೀರ್ತದೆ, ಮಗಳ ಮದುವೆ ಈ ವರ್ಷವೋ ಬರೋ ವರ್ಷವೋ, ಎಲ್ಲ ಆ ಒಂದು ಮಾತಲ್ಲೇ ಬಂತು. "ರಸಬಾಳೆ ಹಾಕಿದೀವಿ" ಅನ್ನೋದು ಮಾತ್ರ ಯಾರ ಬಾಯಲ್ಲೂ ಕೇಳಲ್ಲ. ನಂಜನಗೂಡು ನಮಗೇನು ದೂರದ ಊರಲ್ಲ, ಗುಂಡ್ಲುಪೇಟೆ ದಾಟಿ ಬೇಗೂರು ದಾಟಿ ಹೋದ್ರೆ ಸಿಕ್ತದೆ. ಆ ಊರಿನ ಹೆಸರು ಹೊತ್ಕೊಂಡಿರೋ ಹಣ್ಣು ನಮ್ ಸೀಮೆಯ ಹೊಲದಿಂದ ಹೆಂಗೆ ಹೊರಟೋಯ್ತು, ಹೋದದ್ದು ಎಲ್ಲಿ ಉಳ್ಕೊಂತು ಅನ್ನೋದನ್ನ ಬರೀಬೇಕು ಅಂತ ಬಾಳ ದಿನದಿಂದ ಇತ್ತು. ನನ್ನ ತವರು ಕಪಿಲೆ ದಡದ ಹಳ್ಳಿ, ಕೊಟ್ಟಿದ್ದು ಹಂಗಳಕ್ಕೆ. ಹಂಗಾಗಿ ಈ ಕತೆಯ ಎರಡು ತುದಿಯೂ ನಂಗೆ ಗೊತ್ತು.

ಮೊದಲು ಬಾಳೆಯ ಹುಟ್ಟುಗುಣ ಹೇಳ್ಬೇಕು, ಇಲ್ದಿದ್ರೆ ಮುಂದಿನದು ತಿಳಿಯಲ್ಲ. ಮಾವು, ಹಲಸಿಗೆ ಬೀಜ ಅದೆ. ಬೀಜದಿಂದ ಹುಟ್ಟಿದ ಮರ ತಾಯಿ ಥರನೇ ಇರ್ಬೇಕು ಅಂತಿಲ್ಲ. ಒಂದು ಹುಳಿ ಆಯ್ತದೆ, ಇನ್ನೊಂದು ಸಿಹಿ ಆಯ್ತದೆ, ಮತ್ತೊಂದು ಎಂಥಾ ರೋಗ ಬಂದ್ರೂ ತಡ್ಕೊಂಡು ನಿಲ್ತದೆ. ನಾವು ತಿನ್ನೋ ಬಾಳೆಗೆ ಬೀಜವೇ ಇಲ್ಲ. ಹಣ್ಣಿನ ನಡುವೆ ಕಾಣೋ ಕರೀ ಚುಕ್ಕಿ ಬೀಜ ಆಗದೆ ನಿಂತುಹೋದ ಗುರುತು. ಬುಡದಲ್ಲಿ ಎದ್ದ ಕಂದು ತೆಗೆದು ನೆಟ್ರೆ ತಾಯಿಯೇ ಇನ್ನೊಂದು ಕಡೆ ಎದ್ದು ನಿಂತಂಗೆ. ಪಪುವಾ ನ್ಯೂಗಿನಿಯ ಕುಕ್ ಅನ್ನೋ ಜೌಗು ನೆಲದಲ್ಲಿ ಸುಮಾರು 7000 ವರ್ಷದ ಹಿಂದೆಯೇ ಬಾಳೆ ಬೆಳೆಸಿದ ಕುರುಹು ಸಿಕ್ಕದೆ. ಕಾಡಿನ ಬಾಳೆಯಲ್ಲಿ ಬೀಜ ಕಡಿಮೆ ಇದ್ದದ್ದನ್ನ ಯಾರೋ ಕಂಡು, ಅದರ ಕಂದು ಕಿತ್ತು ಮನೆ ಹತ್ರ ನೆಟ್ರು. ಅಲ್ಲಿಂದ ಕೈಯಿಂದ ಕೈಗೆ, ದೋಣಿಯಿಂದ ದೋಣಿಗೆ, ಊರಿಂದ ಊರಿಗೆ ಕಂದೇ ಓಡಾಡ್ತಾ ಬಂತು.

ಇವತ್ತು ಬಾಳೆಯನ್ನ ಓದಿದವರು ಎರಡು ಕಾಡುಜಾತಿಗಳ ಲೆಕ್ಕದಲ್ಲಿ ಗುರುತು ಹಾಕ್ತರೆ. ಒಂದಕ್ಕೆ 'ಎ', ಇನ್ನೊಂದಕ್ಕೆ 'ಬಿ'. ಪಚ್ಚಬಾಳೆ ಪೂರ್ತಿ ಎ, ಅಂದ್ರೆ ಎಎಎ. ಪುಟ್ಟಬಾಳೆ ಎಬಿ. ರಸಬಾಳೆಯೂ ನೇಂದ್ರವೂ ಎಎಬಿ. ರಕ್ತದ ಗುಂಪು ಇದ್ದಂಗೆ ಅಂದ್ಕೊಳಿ. ಒಂದು ಜಾತಿಯ ಗಿಡಗಳೆಲ್ಲ ಒಂದೇ ತಾಯಿಯ ತುಂಡು ಆದ್ದರಿಂದ ಒಂದಕ್ಕೆ ಯಾವ ರೋಗ ತಡೆಯೋ ಶಕ್ತಿ ಇಲ್ವೋ, ಆ ಜಾತಿಯ ಸಾವಿರ ಗಿಡಕ್ಕೂ ಇಲ್ಲ. ರುಚಿ ಕೆಡದೆ ಸಾವಿರಾರು ವರ್ಷ ಬಂದದ್ದು ಇದರಿಂದಲೇ, ಒಂದೇ ಏಟಿಗೆ ತೋಟ ಹೋಗೋದೂ ಇದರಿಂದಲೇ.

ಹೆಸರಿನ ಗಲಾಟೆ ಒಂದು ಹೇಳಿ ಮುಂದಕ್ಕೆ ಹೋಗ್ತೀನಿ. ನಮ್ಮ ರಸಬಾಳೆಯ ಬಳಗಕ್ಕೆ ತಮಿಳರು ರಸ್ತಾಳಿ ಅಂತರೆ, ಕೇರಳದವರು ಪೂವನ್ ಅಂತರೆ, ಆಂಧ್ರದಲ್ಲಿ ಅಮೃತಪಾಣಿ, ಬಂಗಾಳದಲ್ಲಿ ಮರ್ತಮಾನ್, ಬಿಹಾರದಲ್ಲಿ ಮಾಲ್‌ಭೋಗ್. ಇಂಗ್ಲಿಷ್ ಪುಸ್ತಕದಲ್ಲಿ ಇದೇ 'ಸಿಲ್ಕ್'. ಆದ್ರೆ ತಮಿಳುನಾಡಿನಲ್ಲಿ ಹೋಗಿ ಪೂವನ್ ಕೇಳಿದ್ರೆ ಬೇರೆಯದೇ ಹಣ್ಣು ಕೊಡ್ತರೆ, ಅದನ್ನ ಕೇರಳದವರು ಪಾಳಯಂಕೋಡನ್ ಅಂತರೆ. ಆ ಹಣ್ಣಿಗೆ ಪ್ರಪಂಚದ ಪುಸ್ತಕಗಳೆಲ್ಲ ಇಟ್ಟಿರೋ ಹೆಸರು 'ಮೈಸೂರು'! ಮೈಸೂರು ಸೀಮೆಯವರು ನಾವು ಮೆರೆಸಿದ್ದು ರಸಬಾಳೆ, ಪುಸ್ತಕದಲ್ಲಿ ಮೈಸೂರು ಅನ್ನಿಸ್ಕೊಂಡದ್ದು ಇನ್ನೊಂದು. ಬೀಗರ ಮನೆಯಲ್ಲಿ ಹೆಸರು ಅದಲುಬದಲು ಆದಂಗೆ ಆಗದೆ.

ಈಗ ತವರಿನ ಕಡೆ. ಕಪಿಲೆ ದಡದ ಮೆಕ್ಕಲು ಮಣ್ಣು, ಸ್ವಲ್ಪ ಚೌಳಿನ ಕರೀ ನೆಲ, ರಸಬಾಳೆಗೆ ಹೇಳಿ ಮಾಡಿಸಿದ್ದು ಅಂತರೆ. ನಂಜನಗೂಡಿನ ಹತ್ರದ ದೇವರಸನಹಳ್ಳಿ ಹೆಸರು ರಸಬಾಳೆ ಮಾತು ಬಂದಾಗೆಲ್ಲ ಬತ್ತದೆ. ಬೇರೆ ಊರಲ್ಲಿ ಬೆಳೆದ ರಸಬಾಳೆಗೂ ನಂಜನಗೂಡಿಂದಕ್ಕೂ ಪರಿಮಳದಲ್ಲಿ ವ್ಯತ್ಯಾಸ ಉಂಟು ಅಂತ ನಮ್ಮಪ್ಪ ಹೇಳೋರು, ಕಣ್ಣು ಮುಚ್ಕೊಂಡು ತಿಂದ್ರೂ ಗುರುತು ಹಿಡಿಯೋರು. ತೆಳು ಸಿಪ್ಪೆ, ಒಳಗೆ ಬೆಣ್ಣೆ ಬಣ್ಣದ ಮೆತ್ತನೆ ತಿರುಳು. ಸಿಪ್ಪೆ ಕರೀಕಾದ್ರೂ ಒಳಗೆ ಹಣ್ಣು ಕೆಟ್ಟಿರಲ್ಲ, ಇನ್ನೂ ಸಿಹಿ ಏರಿರ್ತದೆ. ಆದ್ರೆ ಸರಿಯಾಗಿ ಪಕ್ವ ಆಗದೆ ಬಾಯಿಗೆ ಇಟ್ರೆ ಒಗರು ನಾಲಿಗೆ ಹಿಡೀತದೆ. ಹಣ್ಣಿನ ಅಂಗಡಿ ಮುಂದೆ ನಿಂತು "ಇವತ್ತಿಗಾ, ನಾಳೆಗಾ?" ಅಂತ ಕೇಳಿ ತಗೋಬೇಕಾದ ಹಣ್ಣು ಅದು.

ರಸಾಯನ ಮಾಡಕ್ಕೆ ಅದರ ಮುಂದೆ ಯಾವುದೂ ನಿಲ್ಲಲ್ಲ. ಪಚ್ಚಬಾಳೆಲಿ ಮಾಡಿದ್ರೆ ಗಳಿಗೆ ಹೊತ್ತಿಗೆ ನೀರು ಬುಡ್ತದೆ, ಕರ್ರಗೂ ಆಯ್ತದೆ. ಪುಟ್ಟಬಾಳೆ ಪರವಾಗಿಲ್ಲ, ಆದ್ರೆ ಹೆಚ್ಚಿ ಹೆಚ್ಚಿ ಕೈ ಸೋಲ್ತದೆ. ರಸಬಾಳೆಯನ್ನ ಬೆರಳಲ್ಲಿ ಮುರಿದು ಹಾಕಿ, ಬೆಲ್ಲದ ಪುಡಿ, ಕಾಯಿತುರಿ, ಏಲಕ್ಕಿ, ಒಂದು ಚಮಚ ತುಪ್ಪ. ಇಷ್ಟೇ. ತೇರಿನ ದಿನ ಹಣ್ಣು-ಜವನ ಎಸೆಯಕ್ಕೆ ಮಾತ್ರ ನಮ್ಮವ್ವ ರಸಬಾಳೆ ಕೊಡ್ತಿರಲಿಲ್ಲ. "ಅದು ದೇವರಿಗೆ ಮುಟ್ಟೋಕೆ ಮುಂಚೆ ಯಾರ ತಲೆ ಮೇಲೋ ಪಚಕ್ ಅಂತದೆ, ಪುಟ್ಟಬಾಳೆ ತಗೊಂಡು ಹೋಗಿ" ಅನ್ನೋರು. ಯಾವ ಕೆಲಸಕ್ಕೆ ಯಾವ ತಳಿ ಅನ್ನೋದು ಹೆಂಗಸರಿಗೆ ಗೊತ್ತಿತ್ತು, ತಳಿ ಅನ್ನೋ ಮಾತು ಮಾತ್ರ ಬಳಸ್ತಿರಲಿಲ್ಲ.

ಅಪ್ಪನಿಗೆ ಮುಕ್ಕಾಲು ಎಕರೆ ರಸಬಾಳೆ ಇತ್ತು. 1985ರ ಸುಮಾರಿಗೆ, ನಾನು ಹೈಸ್ಕೂಲಲ್ಲಿದ್ದಾಗ, ಗೊನೆ ಬಿಡೋ ಹೊತ್ತಲ್ಲಿ ಕೆಳಗಿನ ಎಲೆಗಳು ಅಂಚಿನಿಂದ ಹಳದಿ ಆಗಕ್ಕೆ ಶುರು ಆದ್ವು. ನೀರು ಸಾಲದೇನೋ ಅಂತ ನೀರು ಹಾಯಿಸಿದ್ರು. ಗೊಬ್ಬರ ಸಾಲದೇನೋ ಅಂತ ಗೊಬ್ಬರ ಹಾಕಿದ್ರು. ಎಲೆಯ ದಂಟು ಬುಡದಲ್ಲೇ ಮುರಿದು, ಲಂಗ ಇಳಿಬಿಟ್ಟಂಗೆ ಗಿಡದ ಸುತ್ತ ಜೋತು ಬಿದ್ವು. ನಡುವಿನ ಸುಳಿ ಎಲೆ ಮಾತ್ರ ಹಸಿರಾಗಿ ನೆಟ್ಟಗೆ ನಿಂತಿರ್ತಿತ್ತು, ಅದನ್ನ ನೋಡಿ ಬದುಕ್ತದೆ ಅಂತ ಆಸೆ. ಬುಡದ ಹತ್ರ ದಿಂಡು ಉದ್ದಕ್ಕೂ ಸೀಳ್ತು. ಅಪ್ಪ ಒಂದು ಗಿಡ ಕಡಿದು ಅಡ್ಡಕ್ಕೆ ಕೊಯ್ದು ನಂಗೂ ತೋರಿಸಿದ್ರು. ಬೆಳ್ಳಗೆ ಇರ್ಬೇಕಾದ ಗೆಡ್ಡೆಯೊಳಗೆ ಕೆಂಪು ಕಂದು ಬಣ್ಣದ ಉಂಗುರ, ಚುಕ್ಕಿ ಚುಕ್ಕಿ. ಎಲೆ ಅಡಿಕೆ ಉಗಿದ ಕಲೆ ಇದ್ದಂಗೆ. ಆ ವರ್ಷ ಅಕ್ಕನ ಮದುವೆ ಮಾಡ್ಬೇಕು ಅಂತಿದ್ರು. ಮದುವೆ ಮುಂದಿನ ವರ್ಷಕ್ಕೆ ಹೋಯ್ತು, ಅದೂ ಎರಡು ಹಸು ಮಾರಿ.

ಅದನ್ನ ಸೊರಗು ರೋಗ ಅಂತರೆ, ಪನಾಮ ರೋಗ ಅಂತ ಪುಸ್ತಕದ ಹೆಸರು. ಮಣ್ಣಲ್ಲಿ ಇರೋ ಫ್ಯುಸೇರಿಯಂ ಅನ್ನೋ ಶಿಲೀಂಧ್ರ ಬೇರಿನಿಂದ ಒಳಕ್ಕೆ ಹೋಗಿ ನೀರು ಮೇಲೇರೋ ನಾಳವನ್ನೇ ಕಟ್ಟಿಹಾಕ್ತದೆ. ಗಿಡ ನೀರಿನ ನಡುವೆ ನಿಂತು ಬಾಯಾರಿ ಸಾಯ್ತದೆ. ಒಂದ್ಸಲ ಮಣ್ಣಿಗೆ ಸೇರ್ಕೊಂಡ್ರೆ ಗಿಡ ಇಲ್ದೇ ಇದ್ರೂ 30 ವರ್ಷದವರೆಗೂ ಅಲ್ಲೇ ಕೂತಿರಬಲ್ಲದು. ಸಿಂಪಡಿಸಿ ಕೊಲ್ಲೋ ಔಷಧಿ ಇಲ್ಲ. ಹರಡೋದು ಹೆಂಗೆ ಅಂದ್ರೆ ಕಾಲುವೆ ನೀರಲ್ಲಿ, ಗುದ್ದಲಿಗೆ ಮೆತ್ತಿದ ಮಣ್ಣಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಕಂದಿನ ಬುಡದಲ್ಲಿ.

ಇದನ್ನ ಓದಿ ತಿಳ್ಕೊಂಡಾಗ ನಂಗೆ ತುಂಬ ಸಂಕಟ ಆದದ್ದು ಆ ಕೊನೆ ಮಾತಿಗೆ. ನಮ್ ಕಡೆ ಬಾಳೆ ಕಂದಿಗೆ ದುಡ್ಡು ಇಸ್ಕೊಳ್ಳೋ ರೂಢಿ ಇರಲಿಲ್ಲ. ಮಗಳು ಗಂಡನ ಮನೆಗೆ ಹೋಗ್ವಾಗ ಕಂದು, ಹೊಸ ಮನೆ ಕಟ್ಟಿದ್ರೆ ಕಂದು, ಕೇಳಿದವರಿಗೆ ಇಲ್ಲ ಅನ್ಬಾರದು. ಅಪ್ಪನ ತೋಟಕ್ಕೂ ಹಂಗೇ ಯಾರದೋ ಪ್ರೀತಿಯಲ್ಲಿ ಬಂದ ಕಂದು. ಅಪ್ಪ ಕೊಟ್ಟದ್ದೂ ಹಂಗೇ. ಹೊರಗಿಂದ ನೋಡಿದ್ರೆ ಎಳೇ ಕಂದು ಗಟ್ಟಿಮುಟ್ಟಾಗೇ ಇರ್ತದೆ, ಐದಾರು ತಿಂಗಳು ಕಳೆದ ಮೇಲೆ ತಾನೇ ಗೊತ್ತಾಗದು. ರಸಬಾಳೆ ಊರೂರಿಗೆ ಹರಡಿದ್ದು ಯಾವ ಕೈಗಳಿಂದಲೋ, ಅದು ಊರೂರಲ್ಲಿ ಸತ್ತದ್ದೂ ಅದೇ ಕೈಗಳಿಂದ.

ನಂಜನಗೂಡಿನವರಿಗೆ ಮಾತ್ರ ಬಂದ ಕಷ್ಟ ಅಲ್ಲ ಇದು. ಆಸ್ಟ್ರೇಲಿಯಾದಲ್ಲಿ 1870ರ ದಶಕದಲ್ಲೇ ಈ ರೋಗ ಕಂಡು ಬರೆದಿಟ್ಟಿದ್ರು. ಆಮೇಲೆ ಅಮೆರಿಕದ ನಡುಭಾಗದ ಪನಾಮ, ಕೋಸ್ಟರಿಕ, ಹೊಂಡುರಾಸ್ ದೇಶಗಳಲ್ಲಿ ಕಂಪನಿಗಳು ಸಾವಿರಾರು ಎಕರೆಗೆ ಒಂದೇ ಬಾಳೆ ಹಾಕಿದ್ವು, ಗ್ರೋ ಮಿಶೆಲ್ ಅಂತ. ಹಡಗಲ್ಲಿ ಕೆಡದೆ ಹೋಗೋ ದಪ್ಪ ಸಿಪ್ಪೆ, ಒಳ್ಳೇ ರುಚಿ. ಸೊರಗು ರೋಗ ಅಲ್ಲಿಗೂ ಬಂತು. ಒಂದು ತೋಟ ಸತ್ರೆ ಕಾಡು ಕಡಿದು ಇನ್ನೊಂದು ತೋಟ, ಅದೂ ಸತ್ರೆ ಮತ್ತೊಂದು. ಕಂಪನಿಗೆ ಕಡಿಯಕ್ಕೆ ಕಾಡಿತ್ತು, ನಮ್ಮಪ್ಪನಿಗೆ ಇದ್ದದ್ದು ಮುಕ್ಕಾಲು ಎಕರೆ. ಕೊನೆಗೆ 1950-60ರ ದಶಕಗಳಲ್ಲಿ ಅವರು ಸೋತು ಗ್ರೋ ಮಿಶೆಲ್ ಬುಟ್ಟು ಕ್ಯಾವೆಂಡಿಶ್ ಅನ್ನೋ ಬಾಳೆಗೆ ತಿರುಗಿದ್ರು. ರುಚಿ ಕಮ್ಮಿ, ಸಿಪ್ಪೆ ಬೇಗ ಗಾಯ ಆಯ್ತದೆ, ಆದ್ರೆ ಆ ಸೊರಗು ರೋಗ ತಗಲಲ್ಲ. 1830ರ ದಶಕದಲ್ಲಿ ಮಾರಿಷಸ್‌ನಿಂದ ಇಂಗ್ಲೆಂಡಿಗೆ ಹೋದ ಗಿಡವನ್ನ ಜೋಸೆಫ್ ಪ್ಯಾಕ್ಸ್‌ಟನ್ ಅನ್ನೋ ತೋಟಗಾರ ಗಾಜಿನ ಮನೆಯಲ್ಲಿ ಬೆಳೆಸಿ, ತನ್ನ ಧಣಿಗಳ ಮನೆತನದ ಹೆಸರಿಟ್ಟ. ಅದೇ ಕ್ಯಾವೆಂಡಿಶ್. ನಮ್ಮ ಪಚ್ಚಬಾಳೆ ಅದರ ಒಡಹುಟ್ಟು. ಅಲ್ಲೂ ಇಲ್ಲೂ ರುಚಿಯ ಹಣ್ಣು ಹೋಗಿ, ರೋಗಕ್ಕೆ ಬಗ್ಗದ ಹಣ್ಣು ಆ ಜಾಗದಲ್ಲಿ ಕೂತ್ಕೊಂತು.

1990ರಲ್ಲಿ ನಾನು ಮದುವೆಯಾಗಿ ಹಂಗಳಕ್ಕೆ ಬಂದಾಗ ಇಲ್ಲಿ ಬಾಳೆ ಅನ್ನೋದು ಬಾವಿ ಇದ್ದವರ ಬೆಳೆ. ಉಳಿದೋರಿಗೆ ರಾಗಿ, ಜೋಳ, ಹುರುಳಿ, ಕಡ್ಲೆಕಾಯಿ. ಗೋಪಾಲಸ್ವಾಮಿ ಬೆಟ್ಟ ಮಂಜು ಹೊದ್ಕೊಂಡು ತಣ್ಣಗೆ ಕೂತಿರ್ತದೆ, ಬುಡದಲ್ಲಿರೋ ನಮಗೆ ಮಳೆ ಲೆಕ್ಕ ಹಾಕಿ ಬತ್ತದೆ. ಕೊಳವೆ ಬಾವಿ ಬಂದ ಮೇಲೆ ಬಾಳೆ, ಅರಿಶಿನ, ತರಕಾರಿ, ಚೆಂಡುಹೂವು ಎಲ್ಲ ಬಂದ್ವು. ಬಾಳೆ ಅಂದ್ರೆ ಆಗ ಮೊದಲು ಪುಟ್ಟಬಾಳೆ, ಪೇಟೆಯವರ ಬಾಯಲ್ಲಿ ಏಲಕ್ಕಿ ಬಾಳೆ. ಗೊನೆ ಹತ್ತು ಹನ್ನೆರಡು ಕೆಜಿ ಅಷ್ಟೆ, ಹದಿನಾಲ್ಕು ತಿಂಗಳ ಮೇಲೆ ಕಾಯಬೇಕು, ಆದ್ರೆ ಕೆಜಿಗೆ ಬೆಲೆ ಜಾಸ್ತಿ, ಹಣ್ಣು ವಾರ ಇಟ್ರೂ ತಡೀತದೆ, ಮೈಸೂರು ಬೆಂಗಳೂರಲ್ಲಿ ವರ್ಷವೆಲ್ಲ ಕೇಳೋರು ಇದಾರೆ. ಹಬ್ಬದ ಹಿಂದಿನ ವಾರ ಬೆಲೆ ಏರ್ತದೆ, ಗೊನೆ ಆ ವಾರಕ್ಕೇ ಬಲೀಬೇಕು ಅಂತ ನಾವು ಹೇಳಿದ್ರೆ ಬಾಳೆ ಕೇಳ್ತದಾ?

ನೇಂದ್ರ ಬಂದದ್ದು ಕೇರಳದ ಕಡೆಯಿಂದ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ರಸ್ತೆ ಹಿಡಿದ್ರೆ ಕಾಡು ದಾಟಿದ ಕೂಡ್ಲೆ ವಯನಾಡು. ಅಲ್ಲಿಯವರು ಇಲ್ಲಿ ಬಂದು ಜಮೀನು ಗುತ್ತಿಗೆಗೆ ಹಿಡಿದು ಶುಂಠಿ, ನೇಂದ್ರ ಮಾಡಿದ್ರು. ನೋಡಿ ನೋಡಿ ನಮ್ಮವರೂ ಹಾಕಿದ್ರು. ನೇಂದ್ರಕ್ಕೆ ಲೆಕ್ಕ ಎಲ್ಲ ಓಣಂದು. ಆಗಸ್ಟ್-ಸೆಪ್ಟೆಂಬರಲ್ಲಿ ಗೊನೆ ಕೊಯ್ಲಿಗೆ ಬರ್ಬೇಕು ಅಂದ್ರೆ ಹಿಂದಿನ ವರ್ಷ ದೀಪಾವಳಿ ಆಸುಪಾಸಿಗೆ ನೆಟ್ಟಿರಬೇಕು. ಹದಿನೈದು ದಿನ ಹಿಂದೆ ಮುಂದೆ ಆದ್ರೆ ಚಿನ್ನದ ಗೊನೆ ಚಿಪ್ಸಿನ ಗೊನೆ ಆಯ್ತದೆ. ಗೆಡ್ಡೆ ಕೊರೆಯೋ ಸೊಂಡಿಲು ಹುಳಕ್ಕೆ ನೇಂದ್ರ ಅಂದ್ರೆ ಪ್ರಾಣ, ಗಾಳಿಗೂ ಬೇಗ ಬೀಳ್ತದೆ, ಊರುಗೋಲಿಗೇ ಒಂದು ಸಾಲ. 2009ರಲ್ಲಿ ಬಂಡೀಪುರದ ರಸ್ತೇಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗಾಡಿ ಬಂದ್ ಆಯ್ತು. ಕಾಡುಪ್ರಾಣಿಗೆ ಒಳ್ಳೇದೇ, ಬ್ಯಾಡ ಅನ್ನಲ್ಲ. ಆದ್ರೆ ಗೊನೆ ಕಡಿಯೋ ಹೊತ್ತು, ಲೋಡು ತುಂಬೋ ಹೊತ್ತು ಎಲ್ಲ ಬದಲಾಯ್ತು. ಮಧ್ಯಾಹ್ನದೊಳಗೆ ಕಡಿದು ಮುಗಿಸ್ಬೇಕು, ಇಲ್ದಿದ್ರೆ ಗೊನೆ ರಾತ್ರಿಯೆಲ್ಲ ಗೇಟಿನ ಈಚೆ ಕಾಯ್ಬೇಕು. ಆಳುಗಳಿಗೆ ಬೆಳಗಿನ ಜಾವ ನಾಲ್ಕಕ್ಕೆ ಉಪ್ಪಿಟ್ಟು ಮಾಡೋ ನನ್ನ ಕೆಲಸ ಆವಾಗಿನಿಂದ ಶುರುವಾದದ್ದು. ಸರ್ಕಾರದ ಆದೇಶ ಅಡುಗೆಮನೆಗೂ ಬತ್ತದೆ.

ಇನ್ನು ಪಚ್ಚಬಾಳೆ, ಈಗ ಜಿ-9 ಅಂತ ಟಿಶ್ಯೂ ಗಿಡ. ಪ್ರಯೋಗಶಾಲೆಯ ಸೀಸೆಯೊಳಗೆ ಬೆಳೆಸಿ ಕವರಲ್ಲಿ ತಂದು ಕೊಡ್ತರೆ. ಹನ್ನೊಂದು ಹನ್ನೆರಡು ತಿಂಗಳಿಗೆ 25-30 ಕೆಜಿ ಗೊನೆ, ಎಲ್ಲಾ ಒಂದೇ ಸಲ. ವ್ಯಾಪಾರಿ ಬಂದು ತೋಟವೇ ಕಡಿದು ತುಂಬ್ಕೊಂಡು ಹೋಯ್ತನೆ. ಒಂದೇ ಸಲ ಬರೋದು ಅನುಕೂಲವೂ ಹೌದು, ಆ ವಾರ ಬೆಲೆ ಬಿದ್ರೆ ಗೋಳೂ ಹೌದು. ಗೊನೆಯನ್ನ ಹಸುವಿಗೆ ಹಾಕಿದ್ದನ್ನೂ ನಾನು ನೋಡಿದೀನಿ.

ಇವೆಲ್ಲಕ್ಕಿಂತ ಮುಂಚೆ ಕೇಳ್ಬೇಕಾದ ಇನ್ನೊಬ್ಬರಿದಾರೆ, ಆನೆ. ಕಾಡಂಚಿನ ಹೊಲದವರು ಯಾವ ಬಾಳೆ ಅಂತಲ್ಲ, ಬಾಳೆ ಹಾಕ್ಬೇಕಾ ಅಂತಲೇ ಯೋಚ್ನೆ ಮಾಡ್ತರೆ. ಆನೆಗೆ ರಸಬಾಳೆ ಪಚ್ಚಬಾಳೆ ಭೇದ ಇಲ್ಲ, ಹಣ್ಣಿಗಿಂತ ದಿಂಡೇ ಇಷ್ಟ. ಅರಿಶಿನ ಅದಕ್ಕೆ ಬ್ಯಾಡ. ಅದಕ್ಕೇ ಬೆಟ್ಟದ ಕಡೆ ಹೋಗ್ತಾ ಹೋಗ್ತಾ ಬಾಳೆ ಕಮ್ಮಿಯಾಗಿ ಅರಿಶಿನ ಜಾಸ್ತಿ ಆಗೋದನ್ನ ನೀವೂ ನೋಡಿರ್ತೀರಿ.

ನಮ್ಮ ನಾದಿನಿ ಮಗಳು ಲಡಾಖಿಗೆ ಪ್ರವಾಸ ಹೋಗಿ ಒಣಗಿದ ಜರ್ದಾಲು ಹಣ್ಣು ತಂದುಕೊಟ್ಟಿದ್ಲು. ಏಪ್ರಿಕಾಟ್ ಅಂತರಲ್ಲ, ಅದು. ತಿಂದು ಎಲ್ಲರಿಗೂ ಆಸೆ, ಹಿತ್ತಲಲ್ಲಿ ಒಂದು ಮರ ಹಾಕ್ಬೋದಲ್ವಾ ಅಂತ. ಆ ಮರಕ್ಕೆ ಚಳಿಗಾಲದಲ್ಲಿ ನೂರಾರು ಗಂಟೆ 7 ಡಿಗ್ರಿಗಿಂತ ಕೆಳಗಿನ ಚಳಿ ಸಿಗ್ಬೇಕು, ಆಮೇಲೇ ಮೊಗ್ಗು ಒಡೆಯೋದು. ನಮ್ಮ ಊರ ಮುಂದಿನ ರಸ್ತೇಲೇ ಊಟಿಗೆ ಹೋಯ್ತರೆ. 1820ರ ದಶಕದಲ್ಲಿ ಜಾನ್ ಸಲಿವನ್ ಅಲ್ಲಿ ನೆಲೆ ಮಾಡಿ ಸೀಮೆಯ ಹಣ್ಣು ತರಕಾರಿ ಬೆಳೆಸಕ್ಕೆ ಶುರು ಮಾಡಿದ. ಪ್ಲಮ್ಮು, ಪೇರು, ಪೀಚು ಆ ಬೆಟ್ಟದ ಮೇಲೆ ಊರಿದ್ವು, ಕೂನೂರಲ್ಲಿ 1920ರಿಂದ ಹಣ್ಣಿನ ಸಂಶೋಧನಾ ಕೇಂದ್ರವೇ ಅದೆ. ಎರಡು ಗಂಟೆ ದಾರಿ ಇಳಿದ್ರೆ ಹಂಗಳ, ಇಲ್ಲಿ ಅದ್ಯಾವುದೂ ಊರಲ್ಲ. ಲಡಾಖಿನಲ್ಲಿ ಜರ್ದಾಲಿಗೂ ನಮ್ಮ ಬಾಳೆ ಥರನೇ ಆಯ್ಕೆ ಅದೆ. ಒಣಗಿಸಿ ಇಡಕ್ಕೆ ಹಲ್ಮನ್ ಅನ್ನೋ ತಳಿ, ಹಸಿಯಾಗಿ ತಿನ್ನಕ್ಕೆ ಬಿಳೀ ಬೀಜದ ರಕ್ತ್ಸೆ ಕಾರ್ಪೋ. ಒಳಗಿನ ಪಪ್ಪು ಸಿಹಿಯೋ ಕಹಿಯೋ ನೋಡಿ, ಸಿಹಿಯಾದ್ರೆ ತಿನ್ನಕ್ಕೆ, ಕಹಿಯಾದ್ರೆ ಎಣ್ಣೆಗೆ. ಆ ರಕ್ತ್ಸೆ ಕಾರ್ಪೋಗೆ 2022ರಲ್ಲಿ ಜಿಐ ಗುರುತು ಸಿಕ್ತು. ಅಲ್ಲಿಯ ಹೆಂಗಸರೂ ಯಾವುದು ಎದಕ್ಕೆ ಅಂತ ಅಂಗಳದಲ್ಲಿ ಹಣ್ಣು ಹರವಿ ಬೇರೆ ಮಾಡ್ತಾ ಕೂತಿರ್ತರೆ ಅಂತ ಹುಡುಗಿ ಹೇಳಿದ್ಲು.

ಆ ಜಿಐ ಗುರುತು ನಂಜನಗೂಡು ರಸಬಾಳೆಗೆ 2005-06ರ ಸಾಲಲ್ಲೇ ಬಂದದೆ. ಮೈಸೂರು ವೀಳ್ಯದೆಲೆ, ಕೊಡಗಿನ ಕಿತ್ತಳೆ ಜೊತೆ. ಈ ಊರಿನ ಈ ಹಣ್ಣು ಇದೇ, ಬೇರೆಯವರು ಈ ಹೆಸರು ಹಾಕ್ಕೊಂಡು ಮಾರಂಗಿಲ್ಲ ಅಂತ ಅರ್ಥ. ಒಳ್ಳೇದೇ ಆಯ್ತು. ಆದ್ರೆ ಹೆಸರಿಗೆ ಕಾವಲು ಬಂದಾಗ ಹಣ್ಣೇ ಬೆರಳೆಣಿಕೆಯ ರೈತರ ಹತ್ರ ಉಳಿದಿತ್ತು. ರೋಗದ ನೆಲದಲ್ಲಿ ಆ ಬಾಳೆ ಬರಲ್ಲ, ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದ ಮೇಲೆ ನಾಲೆ ನೀರು ಬಂದ ಕಡೆ ಭತ್ತ, ಕಬ್ಬು ಬಂದವೆ. ತೋಟಗಾರಿಕೆ ಇಲಾಖೆಯವರು ರಸಬಾಳೆಯ ಟಿಶ್ಯೂ ಗಿಡ ಕೊಟ್ಟು ಮತ್ತೆ ಬೆಳೆಸಿ ಅಂತ ಹುರಿದುಂಬಿಸ್ತಾ ಬಂದಿದಾರೆ. ಇಲ್ಲಿ ಒಂದು ಸೂಕ್ಷ್ಮ ತಿಳ್ಕೊಬೇಕು. ಟಿಶ್ಯೂ ಗಿಡದಲ್ಲಿ ರೋಗ ಇರಲ್ಲ ಅನ್ನೋದು ನಿಜ. ರೋಗ ಬರಲ್ಲ ಅನ್ನೋದು ಸುಳ್ಳು. ಅದೂ ಅದೇ ರಸಬಾಳೆ ತಾಯಿಯ ತುಂಡೇ. ಕೆಟ್ಟ ಮಣ್ಣಿಗೆ ಹಾಕಿದ್ರೆ ಸ್ನಾನ ಮಾಡಿಸಿದ ಮಗುವನ್ನ ತಿಪ್ಪೇಲಿ ಕೂರಿಸಿದಂಗೆ.

ಪಚ್ಚಬಾಳೆಗೇ ಈಗ ಭಯ ಬಂದದೆ. ಸೊರಗು ರೋಗದ್ದೇ ಹೊಸ ಬಗೆ ಒಂದು, ಟಿಆರ್-4 ಅಂತರೆ, ಕ್ಯಾವೆಂಡಿಶ್ಶನ್ನೇ ಕೊಲ್ತದೆ. ಬಿಹಾರದಲ್ಲಿ ಕಂಡದೆ, 2019ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾಕ್ಕೂ ಹೋಗದೆ. ತಿರುಚಿರಾಪಳ್ಳಿಯಲ್ಲಿ ಬಾಳೆಗಂತಲೇ ಇರೋ ರಾಷ್ಟ್ರೀಯ ಸಂಶೋಧನಾ ಕೇಂದ್ರದವರು ಅದರ ಹಿಂದೆ ಬಿದ್ದಿದಾರೆ.

ಹಂಗಾದ್ರೆ ರಸಬಾಳೆ ಉಳಿದದ್ದು ಎಲ್ಲಿ ಅಂದ್ರೆ ಹಿತ್ತಲಲ್ಲಿ. ನಾನು ಹಂಗಳಕ್ಕೆ ಬಂದಾಗ ನಮ್ಮತ್ತೆಯ ಹಿತ್ತಲಲ್ಲಿ ಐದು ಬಗೆ ಬಾಳೆ ಇದ್ವು. ಬಚ್ಚಲ ನೀರು ಹೋಗೋ ಕಡೆ ಪಚ್ಚಬಾಳೆ, ಅದಕ್ಕೆ ಎಷ್ಟು ನೀರಾದ್ರೂ ಬೇಕು. ದನದ ಕೊಟ್ಟಿಗೆ ಮಗ್ಗುಲಿಗೆ ಪಲ್ಯದ ಬಾಳೆ. ಬೇಲಿ ಸಾಲಿಗೆ ಪುಟ್ಟಬಾಳೆ, ಎಲೆ ಅಗಲ, ಊಟಕ್ಕೆ ಹಾಕಿದ್ರೆ ಸೀಳಲ್ಲ ಅಂತ ಅವರ ಲೆಕ್ಕ. ಮೂಲೇಲಿ ಒಂದು ಚಂದ್ರಬಾಳೆ, ಕೆಂಪಗೆ, ಅದು ಅಂದಕ್ಕೆ. ರಸಬಾಳೆಯ ಒಂದು ಗುಂಪು ಒಬ್ಬಂಟಿಯಾಗಿ ಒಲೆ ಬೂದಿ ಸುರಿಯೋ ಕಡೆ ಎತ್ತರದ ಜಾಗದಲ್ಲಿತ್ತು. ಆ ಗುಂಪು ನನ್ನ ಮದುವೆಗಿಂತ ಹಳೇದು.

ಅತ್ತೆ ಓದಿದವರಲ್ಲ. ಆದ್ರೆ ಒಂದು ಕಟ್ಟಳೆ ಇತ್ತು. ಹೊಲದ ಬಾಳೆ ಕಂದು ಹಿತ್ತಲಿಗೆ ತರಂಗಿಲ್ಲ, ಹೊಲದ ಗುದ್ದಲಿ ಹಿತ್ತಲಲ್ಲಿ ಊರಂಗಿಲ್ಲ. "ಅದ್ಯಾಕ ಅತ್ತೆ?" ಅಂದ್ರೆ, "ಹೊಲದ್ದು ಹೊಲದಲ್ಲೇ ಇರ್ಲಿ ಕನ ಕೂಸು, ಹಟ್ಟಿಗೆ ಯಾಕ ಬೇಕು" ಅಂತಿದ್ರು. ಅದು ಮಡಿಯೋ, ಹಟವೋ, ಗಂಡಸರು ಗುದ್ದಲಿ ಕಳೀತರೆ ಅಂತ ಕಂಜೂಸಿಯೋ, ಏನೋ ಒಂದು. ಆಮೇಲೆ ರೋಗದ ವಿಚಾರ ಓದ್ವಾಗ ನಂಗೆ ಆ ಗುದ್ದಲಿ ನೆನಪಾಗಿ ಮೈ ಜುಮ್ಮಂತು. ಹೊಲದಲ್ಲಿ ಪುಟ್ಟಬಾಳೆ ಸೊರಗಿದ ವರ್ಷವೂ (ಹೌದು, ಪುಟ್ಟಬಾಳೆಗೂ ಅದೇ ಸೊರಗು ರೋಗ ತಗಲ್ತದೆ) ಹಿತ್ತಲ ರಸಬಾಳೆ ಗೊನೆ ಬಿಟ್ಟಿತ್ತು. ನಾಲ್ಕೈದು ಜಾತಿ ನಡುವೆ ಒಂಟಿಯಾಗಿ, ನೀರು ನಿಲ್ಲದ ಕಡೆ, ಬೇರೆ ತೋಟದ ಮಣ್ಣು ಸೋಕದ ಹಂಗೆ ಇದ್ದದ್ದು ಅದರ ಪುಣ್ಯ.

ಕಂದು ಆರಿಸೋದನ್ನೂ ಅವರೇ ಕಲಿಸಿದ್ದು. ಕತ್ತಿಯಂಗೆ ಕಿರಿದಾದ ಎಲೆ, ಬುಡ ದಪ್ಪ, ಅದು ತಾಯಿಯ ಗೆಡ್ಡೆಗೆ ಗಟ್ಟಿಯಾಗಿ ಅಂಟ್ಕೊಂಡಿರೋ ಕಂದು, ಅದನ್ನ ತಗೋ. ಚಿಕ್ಕದರಲ್ಲೇ ಅಗಲ ಎಲೆ ಬಿಚ್ಚಿ ಶೋಕಿ ಮಾಡೋದು ನೀರು ಕಂದು, ಅದು ಬ್ಯಾಡ, ಗೊನೆ ಸಣ್ಣದು. ಗೊನೆ ಬಿಟ್ಟ ತಾಯಿ ಚೆನ್ನಾಗಿದ್ರೆ ಮಾತ್ರ ಅದರ ಕಂದು. ಗೊನೆ ಕಡಿಯೋವರೆಗೂ ಎಲೆ ಹಸಿರಾಗಿತ್ತಾ ನೋಡು. ಹಣ್ಣಲ್ಲಿ ಕಲ್ಲಿನಂಥ ಗಂಟು ಬಂದಿತ್ತಾ ನೋಡು, ರಸಬಾಳೆಗೆ ಆ ಚಾಳಿ ಉಂಟು, ಬಂದಿದ್ರೆ ಆ ತಾಯಿಯ ಕಂದು ಬುಡು. ಒಂದು ವರ್ಷ ನೋಡಿ ಮುಂದಿನ ವರ್ಷ ತೆಗೆಯೋ ಕೆಲಸ ಅದು. ಹೊಲಕ್ಕೆ ಸಾವಿರ ಕಂದು ಒಂದೇ ವಾರಕ್ಕೆ ಬೇಕು ಅನ್ನೋ ಗಂಡಸರಿಗೆ ಅಷ್ಟು ಪುರುಸೊತ್ತು ಎಲ್ಲಿರ್ತದೆ.

ಈಗ ನನ್ನ ಮಗ ಹೊಲ ನೋಡ್ಕೋತಾನೆ. ಮೈಸೂರಲ್ಲಿ ರಸಬಾಳೆಯ ಬೆಲೆ ಕೇಳ್ಕೊಂಡು ಬಂದವನೇ, "ಅವ್ವ, ಪುಟ್ಟಬಾಳೆ ತೆಗೆದ ಅರ್ಧ ಎಕರೆಗೆ ರಸಬಾಳೆ ಹಾಕಣ, ಹಿತ್ತಲಿಂದ ಕಂದು ತೆಗ್ಯಣ" ಅಂದ. ಆ ಅರ್ಧ ಎಕರೇಲಿ ಮೂರು ವರ್ಷದ ಹಿಂದೆ ಪುಟ್ಟಬಾಳೆ ಸೊರಗಿ ಹೋಗದೆ. "ಬ್ಯಾಡ ಕನ ಮಗ, ಆ ನೆಲ ನಿನ್ನ ಮಗ ದೊಡ್ಡವನಾದ್ರೂ ರಸಬಾಳೆಗೆ ಆಗಲ್ಲ" ಅಂದೆ. ಅವನಿಗೆ ಸಿಟ್ಟು ಬಂತು. ನಮ್ಮನೆಯವರು ಅವನ ಕಡೆಯೇ ಮಾತಾಡಿದ್ರು, ಸಾಲ ಇರೋದು ಅವರಿಗೂ ಗೊತ್ತಲ್ಲ. ಎರಡು ದಿನ ಮನೇಲಿ ಸರಿಯಾಗಿ ಮಾತಿಲ್ಲ. ಮೂರನೇ ದಿನ ನಾನೇ ಹೊಲಕ್ಕೆ ಹೋಗಿ, ಮೂಲೇಲಿ ಉಳಿದಿದ್ದ ಒಂದು ಪುಟ್ಟಬಾಳೆ ಬುಡ ಅಗೆಸಿ ಗೆಡ್ಡೆ ಅಡ್ಡಕ್ಕೆ ಕೊಯ್ಯಿಸಿದೆ. ಎಲೆ ಅಡಿಕೆ ಕಲೆ ಹಂಗೇ ಇತ್ತು. ನಮ್ಮಪ್ಪ ತೋರಿಸಿದ್ದೇ ಉಂಗುರ. ಮಗ ನೋಡಿ ಸುಮ್ಮನಾದ.

ಆ ಅರ್ಧ ಎಕರೆಗೆ ಪಚ್ಚಬಾಳೆ ಅಂತ ಆಗದೆ, ಟಿಶ್ಯೂ ಗಿಡಕ್ಕೆ ಮುಂಗಡ ಕೊಟ್ಟಾಗದೆ. ರಸಬಾಳೆಗೆ ಅಂತ ಹುಣಸೇಮರದ ಆಚೆ, ಇದುವರೆಗೂ ಹುರುಳಿ ಬಿಟ್ರೆ ಏನೂ ಕಾಣದ ಏರು ನೆಲದಲ್ಲಿ ಇಪ್ಪತ್ತು ಗುಂಡಿ ತೆಗೆಸಿದೀವಿ, ಎಂಟೆಂಟು ಅಡಿ ಬಿಟ್ಟು, ನಡುನಡುವೆ ನುಗ್ಗೆ. ಹನ್ನೆರಡಕ್ಕೆ ಹಿತ್ತಲ ಕಂದು, ಎಂಟಕ್ಕೆ ಟಿಶ್ಯೂ, ಯಾವುದು ಹೆಂಗೆ ಬತ್ತದೆ ಅಂತ ಪಕ್ಕಪಕ್ಕದಲ್ಲೇ ಗೊತ್ತಾಗ್ಲಿ ಅಂತ ಮಗನೇ ಹೇಳಿದ್ದು. ಗುಂಡ್ಲುಪೇಟೆ ಸಂತೇಲಿ ಒಂದು ಹೊಸ ಗುದ್ದಲಿ ತಂದಿದೀನಿ. ಅದರ ಕಾವಿಗೆ ಕೆಂಪು ಬಣ್ಣ ಬಳಿದು ಅಡುಗೆಮನೆ ಬಾಗಿಲ ಹಿಂದೆ ಇಟ್ಟಿದೀನಿ, ಹೊಲಕ್ಕೆ ಯಾರೂ ಒಯ್ಯಬಾರದು ಅಂತ.